ಟಿವಿ ಕಂಡುಹಿಡಿದದ್ದು ಬೇರ್ಡ್ ಅಂತೀವಲ್ಲ, ಹಾಗಾದರೆ ನಮ್ಮ ಮನೆಯ ಟಿವಿ ಯಾರದು?

ನವೆಂಬರ್ 21 ವಿಶ್ವ ಟೆಲಿವಿಷನ್ ದಿನ. ಅವತ್ತು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುವ ಫಾರ್ವರ್ಡ್ ಸಾಮಾನ್ಯವಾಗಿ ಒಂದೇ ಸಾಲಿನದು: ಟಿವಿ ಕಂಡುಹಿಡಿದವರು ಜಾನ್ ಲೋಗಿ ಬೇರ್ಡ್. ಶಾಲೆಯಲ್ಲಿ ಓದಿದ ಸಾಮಾನ್ಯ ಜ್ಞಾನದ ಪುಸ್ತಕದಲ್ಲೂ ಇದೇ ಉತ್ತರ ಇತ್ತು. ಸ್ವಲ್ಪ ಹೊತ್ತಿನಲ್ಲೇ ಗುಂಪಿನ ಇನ್ನೊಬ್ಬರು ಅದಕ್ಕೆ ಎದುರಾಗಿ ಬೇರೊಂದು ಸಂದೇಶ ಹಾಕುತ್ತಾರೆ: ಬೇರ್ಡ್ ಅನ್ನುವುದು ಸುಳ್ಳು, ನಿಜವಾಗಿ ಕಂಡುಹಿಡಿದವರು ಅಮೆರಿಕದ ಫಾರ್ನ್ಸ್‌ವರ್ತ್.

ಇವೆರಡರಲ್ಲಿ ಯಾವುದು ಸರಿ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಟಿವಿಯೊಳಗೆ ಯಾವ ಯಾವ ಭಾಗಗಳಿವೆ, ಅವು ಏನು ಮಾಡುತ್ತವೆ ಎನ್ನುವುದು ಗೊತ್ತಾದರೆ ಉತ್ತರ ತಾನಾಗಿಯೇ ಸಿಗುತ್ತದೆ. ಅದನ್ನು ತಿಳಿಯಲು ಬೇರ್ಡ್ ಅವರ ಬದುಕಿಗಿಂತ ಒಳ್ಳೆಯ ದಾರಿ ಇಲ್ಲ. ಯಾಕೆಂದರೆ ಆ ಒಂದೊಂದು ಭಾಗವನ್ನೂ ಅವರು ಗುಜರಿ ಸಾಮಾನಿನಿಂದ ತಮ್ಮ ಕೈಯಾರೆ ಜೋಡಿಸಬೇಕಾಯಿತು.

ಫೋನಿನಲ್ಲಿ ರಂಗೋಲಿ ಹೇಳಿಕೊಟ್ಟ ಹಾಗೆ

ನಿಮ್ಮ ಮನೆಯ ಮುಂದೆ ಒಂದು ಚುಕ್ಕಿ ರಂಗೋಲಿ ಇದೆ ಅಂದುಕೊಳ್ಳಿ. ಬೇರೆ ಊರಿನಲ್ಲಿರುವ ತಂಗಿಗೆ ಅದನ್ನು ಫೋನಿನಲ್ಲಿ ಹೇಳಿಕೊಡಬೇಕು. ಫೋಟೋ ಕಳಿಸುವ ಹಾಗಿಲ್ಲ, ಬಾಯಲ್ಲೇ ಹೇಳಬೇಕು. ಇಡೀ ರಂಗೋಲಿಯನ್ನು ಒಂದೇ ಸಲಕ್ಕೆ ಹೇಳಲು ಆಗುವುದಿಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಇಲ್ಲಿ ಚುಕ್ಕಿ ಇದೆ, ಇಲ್ಲಿ ಇಲ್ಲ ಎಂದು ಒಂದೊಂದೇ ಸಾಲು ಹೇಳುತ್ತಾ ಹೋಗುತ್ತೀರಿ. ಆಕೆ ಕೇಳಿದ ಹಾಗೆ ಅಲ್ಲಿ ಚುಕ್ಕಿ ಇಡುತ್ತಾಳೆ. ನೀವು ಐದನೇ ಸಾಲಿನಲ್ಲಿರುವಾಗ ಆಕೆ ನಾಲ್ಕನೇ ಸಾಲಿನಲ್ಲಿದ್ದರೆ ರಂಗೋಲಿ ಪೂರ್ತಿ ಕೆಡುತ್ತದೆ.

ಟಿವಿ ಮಾಡುವುದೂ ಇಷ್ಟೇ. ಅದರ ಕೆಲಸಗಳು ಐದು:

1. ದೃಶ್ಯವನ್ನು ಸಾಲು ಸಾಲಾಗಿ ಓದುವುದು. ಇದಕ್ಕೆ ಸ್ಕ್ಯಾನಿಂಗ್ ಎನ್ನುತ್ತಾರೆ.
2. ಓದಿದ ಒಂದೊಂದು ಚೂರಿನ ಬೆಳಕನ್ನೂ ವಿದ್ಯುತ್ ಆಗಿ ಬದಲಾಯಿಸುವುದು.
3. ಆ ವಿದ್ಯುತ್ ಸಂಕೇತವನ್ನು ತಂತಿ ಅಥವಾ ರೇಡಿಯೋ ಅಲೆಯ ಮೂಲಕ ಸಾಗಿಸಿ, ಅಲ್ಲಿ ಅದರ ಬಲ ಹೆಚ್ಚಿಸುವುದು.
4. ಬಂದ ಸಂಕೇತವನ್ನು ಮತ್ತೆ ಬೆಳಕಾಗಿಸಿ ಪರದೆಯ ಮೇಲೆ ಸರಿಯಾದ ಜಾಗದಲ್ಲಿ ಇಡುವುದು.
5. ಕಳಿಸುವವರು, ಪಡೆಯುವವರು ಇಬ್ಬರೂ ಒಂದೇ ತಾಳದಲ್ಲಿರುವಂತೆ ನೋಡಿಕೊಳ್ಳುವುದು.

ಇದನ್ನೆಲ್ಲ ಎಷ್ಟು ವೇಗವಾಗಿ ಮಾಡಬೇಕೆಂದರೆ, ಒಂದು ಚಿತ್ರ ಮಾಸುವ ಮೊದಲೇ ಇನ್ನೊಂದು ಬಂದು ಅವೆಲ್ಲ ಸೇರಿ ನಮ್ಮ ಕಣ್ಣಿಗೆ ಚಲನೆಯಂತೆ ಕಾಣಬೇಕು. ಈ ಐದು ಕೆಲಸಗಳನ್ನು ನೆನಪಿಟ್ಟುಕೊಳ್ಳಿ. ಈಗ ಬೇರ್ಡ್ ಕಥೆಗೆ ಬರೋಣ.

ಪಾದ್ರಿಯ ಮಗ, ಸದಾ ನೆಗಡಿ

ಸ್ಕಾಟ್‌ಲೆಂಡಿನ ಹೆಲೆನ್ಸ್‌ಬರ್ಗ್ ಎಂಬ ಕಡಲತೀರದ ಊರಿನಲ್ಲಿ 1888ರ ಆಗಸ್ಟ್‌ನಲ್ಲಿ ಬೇರ್ಡ್ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ. ಚಿಕ್ಕಂದಿನಿಂದಲೇ ಆರೋಗ್ಯ ಚೆನ್ನಾಗಿರಲಿಲ್ಲ. ಶೀತ, ಜ್ವರ ಜೀವನಪೂರ್ತಿ ಅವರ ಬೆನ್ನು ಬಿಡಲಿಲ್ಲ. ಆದರೆ ತಲೆ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹುಡುಗನಾಗಿದ್ದಾಗಲೇ ತನ್ನ ಮನೆಯಿಂದ ಗೆಳೆಯರ ಮನೆಗಳಿಗೆ ತಂತಿ ಎಳೆದು ಸ್ವಂತ ಟೆಲಿಫೋನ್ ಮಾಡಿಕೊಂಡಿದ್ದ. ಆಮೇಲೆ ಮನೆಗೆ ತಾನೇ ವಿದ್ಯುತ್ ದೀಪದ ವ್ಯವಸ್ಥೆಯನ್ನೂ ಮಾಡಿದ.

ಗ್ಲ್ಯಾಸ್ಗೋ ನಗರದ ತಾಂತ್ರಿಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದರು. ಅದೇ ಕಾಲೇಜಿನಲ್ಲಿ ಜಾನ್ ರೀತ್ ಎಂಬ ವಿದ್ಯಾರ್ಥಿಯೂ ಇದ್ದರು. ಮುಂದೆ ಬಿಬಿಸಿಯ ಮುಖ್ಯಸ್ಥರಾಗಿ ಬೇರ್ಡ್ ಅವರ ಟಿವಿಗೆ ಬಾಗಿಲು ತೆರೆಯಬೇಕೋ ಬೇಡವೋ ಎಂದು ನಿರ್ಧರಿಸುವ ಜಾಗದಲ್ಲಿ ಕೂತವರು ಇವರೇ. ನಂತರ ವಿಶ್ವವಿದ್ಯಾಲಯದ ಪದವಿಗೆ ಸೇರಿದರೂ ಮೊದಲ ಮಹಾಯುದ್ಧದಿಂದಾಗಿ ಅದು ಮುಗಿಯಲಿಲ್ಲ. ಸೈನ್ಯಕ್ಕೆ ಸೇರಲು ಹೋದರೆ ದೇಹ ಗಟ್ಟಿಯಿಲ್ಲ ಎಂದು ವಾಪಸು ಕಳಿಸಿದರು.

ಕಾಲುಚೀಲ, ಜಾಮ್, ಸೋಪು

ಒಂದು ವಿದ್ಯುತ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿದ್ದಾಗ ಇಂಗಾಲಕ್ಕೆ ಭಾರಿ ಪ್ರಮಾಣದ ವಿದ್ಯುತ್ ಹರಿಸಿ ವಜ್ರ ಮಾಡಲು ಹೊರಟರು. ವಜ್ರ ಬರಲಿಲ್ಲ, ವಿದ್ಯುತ್ ಪೂರೈಕೆ ಕೈಕೊಟ್ಟಿತು. ಸ್ವಲ್ಪ ಕಾಲದಲ್ಲೇ ಆ ಕೆಲಸ ಬಿಟ್ಟು ವ್ಯಾಪಾರಕ್ಕಿಳಿದರು. ಪಾದ ಸದಾ ತಣ್ಣಗಿರುವ ತಮ್ಮದೇ ಕಷ್ಟಕ್ಕೆ ಪರಿಹಾರವೆಂದು, ಬೂಟಿನೊಳಗೆ ಮಾಮೂಲಿ ಕಾಲುಚೀಲದ ಕೆಳಗೆ ಹಾಕಿಕೊಳ್ಳುವ ಇನ್ನೊಂದು ಕಾಲುಚೀಲವನ್ನು ಮಾರಾಟಕ್ಕೆ ತಂದರು. ಅದು ಚೆನ್ನಾಗಿಯೇ ಓಡಿತು. ಆದರೆ ಕಾಯಿಲೆ ಬಿದ್ದು ನಿಲ್ಲಿಸಬೇಕಾಯಿತು.

ಬಿಸಿಲಿನ ಊರಾದರೆ ಆರೋಗ್ಯಕ್ಕೆ ಒಳ್ಳೆಯದೆಂದು 1919ರಲ್ಲಿ ಕೆರಿಬಿಯನ್ನಿನ ಟ್ರಿನಿಡಾಡ್ ದ್ವೀಪಕ್ಕೆ ಹೋದರು. ಅಲ್ಲಿ ಹಣ್ಣು ಧಾರಾಳ, ಸಕ್ಕರೆ ಅಗ್ಗ. ಹಾಗಾಗಿ ಜಾಮ್ ತಯಾರಿಸುವ ಉದ್ಯಮ ಶುರುಮಾಡಿದರು. ಸಿಹಿ ಪಾಕದ ವಾಸನೆಗೆ ಕಾಡಿನ ಹುಳುಗಳೆಲ್ಲ ಮುತ್ತಿಕೊಂಡವು. ಜಾಮ್ ಕೆಟ್ಟಿತು, ಜ್ವರ ಹಿಡಿಯಿತು, ಮರುವರ್ಷ ಊರಿಗೆ ಮರಳಿದರು. ಲಂಡನ್ನಿನಲ್ಲಿ ಸೋಪಿನ ವ್ಯಾಪಾರ ಮಾಡಿದರು. ಅಲ್ಲೂ ಆರೋಗ್ಯ ಕೈಕೊಟ್ಟಿತು.

1923ರಲ್ಲಿ, 34ನೇ ವಯಸ್ಸಿನಲ್ಲಿ, ಗಾಳಿ ಬದಲಾವಣೆಗೆಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್‌ಗೆ ಬಂದಾಗ ಅವರ ಬಳಿ ಕೆಲಸವೂ ಇರಲಿಲ್ಲ, ಹೆಚ್ಚು ದುಡ್ಡೂ ಇರಲಿಲ್ಲ. ಅಲ್ಲೇ ಅವರು ಹಳೆಯ ಕನಸೊಂದಕ್ಕೆ ಕೈ ಹಾಕಿದರು. ಅದು ದೂರದ ದೃಶ್ಯವನ್ನು ತಂತಿಯಲ್ಲಿ ಕಳಿಸುವ ಕನಸು.

ತೂತಿನ ಬಿಲ್ಲೆ ಮತ್ತು ಟೀ ಪೆಟ್ಟಿಗೆ

ಈ ಕನಸು ಬೇರ್ಡ್ ಒಬ್ಬರದೇ ಆಗಿರಲಿಲ್ಲ. ಬೆಳಕು ಬಿದ್ದರೆ ಸೆಲೆನಿಯಂ ಎಂಬ ಧಾತುವಿನಲ್ಲಿ ವಿದ್ಯುತ್ ಹರಿಯುವುದು ಸುಲಭವಾಗುತ್ತದೆ ಎಂಬ ಸಂಗತಿ 1873ರಲ್ಲೇ ಬೆಳಕಿಗೆ ಬಂದಿತ್ತು. ನಮ್ಮ ಪಟ್ಟಿಯ ಎರಡನೇ ಕೆಲಸಕ್ಕೆ ಅದೇ ಬೀಜ. ಮೊದಲನೇ ಕೆಲಸಕ್ಕೆ, ಅಂದರೆ ದೃಶ್ಯವನ್ನು ಸಾಲಾಗಿ ಓದುವುದಕ್ಕೆ, ಜರ್ಮನಿಯ ಪೌಲ್ ನಿಪ್ಕೋ 1884ರಲ್ಲೇ ಒಂದು ಸರಳ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು.

ಆ ಉಪಾಯ ಹೀಗಿದೆ. ಒಂದು ದುಂಡನೆಯ ಬಿಲ್ಲೆ. ಅದರ ಅಂಚಿನ ಬಳಿ ಶಂಖದ ಸುರುಳಿಯ ಹಾಗೆ ಸಾಲಾಗಿ ತೂತುಗಳು. ಒಂದೊಂದು ತೂತೂ ಹಿಂದಿನದಕ್ಕಿಂತ ಸ್ವಲ್ಪ ಒಳಗಿರುತ್ತದೆ. ಬಿಲ್ಲೆ ತಿರುಗಿದಾಗ ಮೊದಲ ತೂತು ದೃಶ್ಯದ ಒಂದು ಗೆರೆಯನ್ನು ದಾಟುತ್ತದೆ, ಎರಡನೆಯದು ಅದರ ಪಕ್ಕದ ಗೆರೆಯನ್ನು. 30 ತೂತುಗಳಿದ್ದರೆ ಒಂದು ಸುತ್ತಿಗೆ 30 ಗೆರೆ, ಅಂದರೆ ಒಂದು ಪೂರ್ತಿ ಚಿತ್ರ. ಬಿಲ್ಲೆಯ ಹಿಂದೆ ಬೆಳಕಿಗೆ ಸ್ಪಂದಿಸುವ ಫೋಟೋಸೆಲ್ ಇಟ್ಟರೆ ಪ್ರತಿ ಚೂರಿನ ಬೆಳಕೂ ವಿದ್ಯುತ್ತಿನ ಏರಿಳಿತವಾಗುತ್ತದೆ. ಇನ್ನೊಂದು ಕಡೆ ಅಷ್ಟೇ ತೂತುಗಳ ಬಿಲ್ಲೆಯನ್ನು ಅದೇ ವೇಗದಲ್ಲಿ ತಿರುಗಿಸಿ, ಹಿಂದೆ ಒಂದು ದೀಪವನ್ನು ಆ ಏರಿಳಿತಕ್ಕೆ ತಕ್ಕಂತೆ ಮಿನುಗಿಸಿದರೆ ಚಿತ್ರ ಮತ್ತೆ ಮೂಡುತ್ತದೆ.

ಕಾಗದದ ಮೇಲೆ ಇದು ಸುಲಭ. ಆದರೆ ನಿಪ್ಕೋ ಕಾಲದಲ್ಲಿ ಇದನ್ನು ಮಾಡಿ ತೋರಿಸಲು ಆಗಲಿಲ್ಲ. ಅಷ್ಟು ಚಿಕ್ಕ ತೂತಿನಿಂದ ಬರುವ ಬೆಳಕು ತೀರಾ ಕಡಿಮೆ. ಅದರಿಂದ ಹುಟ್ಟುವ ವಿದ್ಯುತ್ ಇನ್ನೂ ಕಡಿಮೆ. ಅದನ್ನು ಬಲಗೊಳಿಸುವ ಆಂಪ್ಲಿಫೈಯರ್ ಆಗ ಇರಲೇ ಇಲ್ಲ. ಬೇರ್ಡ್ ಕಾಲಕ್ಕೆ ರೇಡಿಯೋ ವಾಲ್ವ್‌ಗಳು ಬಂದಿದ್ದವು, ಹಾಗಾಗಿ ಮೂರನೇ ಕೆಲಸಕ್ಕೂ ದಾರಿ ತೆರೆದಿತ್ತು.

ಹೇಸ್ಟಿಂಗ್ಸ್‌ನ ಬಾಡಿಗೆ ಕೋಣೆಯಲ್ಲಿ ಅವರು ಕಟ್ಟಿದ ಯಂತ್ರದಲ್ಲಿ ಅಂಗಡಿಯಿಂದ ತಂದ ಹೊಸ ಸಾಮಾನು ಕಡಿಮೆ. ಟೋಪಿ ಡಬ್ಬಿಯ ರಟ್ಟು, ಟೀ ಪೆಟ್ಟಿಗೆ, ಹೊಲಿಗೆಯ ದಬ್ಬಣ, ಸೈಕಲ್ ದೀಪದ ಮಸೂರ, ಅರಗು, ಗೋಂದು. 1924ರಲ್ಲಿ ಈ ಯಂತ್ರ ವಸ್ತುಗಳ ನೆರಳಿನಂಥ ಆಕಾರವನ್ನು ಕೆಲವು ಅಡಿ ದೂರಕ್ಕೆ ಕಳಿಸಿತು. ಮುಖ ಕಾಣುತ್ತಿರಲಿಲ್ಲ, ಕಪ್ಪು ಬಿಳುಪಿನ ಅಂಚು ಮಾತ್ರ.

ಅದೇ ವರ್ಷದ ಜುಲೈನಲ್ಲಿ ಸಾವಿರ ವೋಲ್ಟಿಗೂ ಹೆಚ್ಚಿನ ಶಾಕ್ ಹೊಡೆದು ಕೋಣೆಯ ಆಚೆ ಬದಿಗೆ ಬಿದ್ದರು. ಕೈ ಸುಟ್ಟಿತು, ಜೀವ ಉಳಿಯಿತು. ಮನೆ ಮಾಲೀಕರು ಜಾಗ ಖಾಲಿ ಮಾಡಿ ಅಂದರು. ಗಂಟು ಮೂಟೆ ಕಟ್ಟಿಕೊಂಡು ಲಂಡನ್ನಿನ ಸೋಹೋ ಬಡಾವಣೆಯ ಫ್ರಿತ್ ಸ್ಟ್ರೀಟ್‌ನ ಒಂದು ಅಟ್ಟದ ಕೋಣೆ ಸೇರಿದರು.

ಬೊಂಬೆಯ ತಲೆ, ಆಫೀಸ್ ಹುಡುಗನ ಮುಖ

ಲಂಡನ್ನಿನಲ್ಲಿ 1925ರ ಮಾರ್ಚ್‌ನಲ್ಲಿ ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೂರು ವಾರ ತಮ್ಮ ಯಂತ್ರವನ್ನು ಪ್ರದರ್ಶಿಸಿದರು. ಗಿರಾಕಿಗಳು ಸಾಲಾಗಿ ನಿಂತು ಇಣುಕಿ ನೋಡಿದರು. ಅವರಿಗೆ ಕಂಡದ್ದೂ ಬರೀ ನೆರಳಿನ ಆಕಾರವೇ. ಸಂಪಾದನೆಯಾಯಿತು, ಆದರೆ ಬೇರ್ಡ್‌ಗೆ ಬೇಕಾಗಿದ್ದದ್ದು ಕಣ್ಣು, ಮೂಗು, ಕೆನ್ನೆಯ ಗುಳಿ ಎಲ್ಲವೂ ಕಾಣುವ ಮುಖ.

ಮುಖವನ್ನು ತೋರಿಸಲು ಭಯಂಕರ ಬೆಳಕು ಬೇಕಿತ್ತು. ಆ ದೀಪಗಳ ಶಾಖದ ಮುಂದೆ ಮನುಷ್ಯ ಹೆಚ್ಚು ಹೊತ್ತು ಕೂರುವಂತಿರಲಿಲ್ಲ. ಹಾಗಾಗಿ ಮಾತನಾಡುವ ಬೊಂಬೆಯಾಟದವರು ಬಳಸುವಂಥ ಒಂದು ಬೊಂಬೆಯ ತಲೆಯನ್ನು ಇಟ್ಟುಕೊಂಡರು. ಅದಕ್ಕೆ ಸ್ಟೂಕಿ ಬಿಲ್ ಎಂದು ಹೆಸರು. ಶಾಖಕ್ಕೆ ಪಾಪ ಅದರ ಕೂದಲೂ ಸುಟ್ಟು ಮುಖವೂ ಬಿರುಕು ಬಿಟ್ಟಿತು.

1925ರ ಅಕ್ಟೋಬರ್ 2ರಂದು ಪರದೆಯ ಮೇಲೆ ಆ ಬೊಂಬೆಯ ಮುಖ ಬೆಳಕು ನೆರಳಿನ ಎಲ್ಲ ಛಾಯೆಗಳೊಂದಿಗೆ ಕಾಣಿಸಿತು. ಬೇರ್ಡ್ ಮೆಟ್ಟಿಲಿಳಿದು ಓಡಿದರು. ಕೆಳಗಿನ ಕಚೇರಿಯಲ್ಲಿ ಸಿಕ್ಕ ವಿಲಿಯಂ ಟೇಂಟನ್ ಎಂಬ 20 ವರ್ಷದ ಆಫೀಸ್ ಹುಡುಗನನ್ನು ಮೇಲೆ ಕರೆತಂದು ದೀಪದ ಮುಂದೆ ಕೂರಿಸಿದರು. ಪಕ್ಕದ ಕೋಣೆಗೆ ಹೋಗಿ ನೋಡಿದರೆ ಪರದೆ ಖಾಲಿ! ವಾಪಸು ಬಂದು ನೋಡಿದಾಗ ಗೊತ್ತಾಯಿತು, ಹುಡುಗ ಶಾಖ ತಡೆಯಲಾರದೆ ಹಿಂದೆ ಸರಿದಿದ್ದ. ಕೈಗೆ ಅರ್ಧ ಕ್ರೌನ್ ನಾಣ್ಯ ಇಟ್ಟು ಮತ್ತೆ ಕೂರಿಸಿದ ಮೇಲೆ ಚಿತ್ರ ಬಂತು. ಈ ಬಗೆಯ ಟಿವಿಯಲ್ಲಿ ಮುಖ ತೋರಿಸಿದ ಮೊದಲ ಮನುಷ್ಯ ಸಂಭಾವನೆ ಪಡೆದೇ ಕೂತಿದ್ದ.

1926ರ ಜನವರಿ 26ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರು ಆ ಕಿರಿದಾದ ಮೆಟ್ಟಿಲು ಹತ್ತಿ ಬಂದರು. ಕೋಣೆ ಚಿಕ್ಕದಾದ್ದರಿಂದ ಕೆಲವರಂತೆ ಸರದಿಯ ಮೇಲೆ ಒಳಗೆ ಹೋದರು. ಅವರಿಗೆ ಕಂಡದ್ದು ಮಸುಕಾದ, ನಡುಗುವ, ಚಿಕ್ಕ ಚಿತ್ರ. ಸೆಕೆಂಡಿಗೆ ಐದು ಚಿತ್ರಗಳಷ್ಟೇ. ಆದರೂ ಅದು ಪಕ್ಕದ ಕೋಣೆಯಲ್ಲಿ ಆ ಕ್ಷಣ ಚಲಿಸುತ್ತಿದ್ದ ಜೀವಂತ ಮುಖ. ನಮ್ಮ ಪಟ್ಟಿಯ ಐದೂ ಕೆಲಸಗಳು ಒಟ್ಟಿಗೆ ನಡೆದು ಮನುಷ್ಯನ ಮುಖವನ್ನು ಹೊರಗಿನವರಿಗೆ ತೋರಿಸಿದ್ದು ಆ ದಿನ. ಬೇರ್ಡ್ ಹೆಸರು ಸಾಮಾನ್ಯ ಜ್ಞಾನದ ಪುಸ್ತಕ ಸೇರಿದ್ದು ಈ ದಿನದಿಂದಲೇ.

ಮನೆಗೆ ಬಂದ ಮೊದಲ ಟಿವಿಯಲ್ಲಿ ಏನೇನಿತ್ತು?

ಮುಂದಿನ ಕೆಲವು ವರ್ಷಗಳು ಬೇರ್ಡ್ ಅವರದು. 1927ರಲ್ಲಿ ಲಂಡನ್ನಿನಿಂದ ಗ್ಲ್ಯಾಸ್ಗೋವರೆಗೆ ಸುಮಾರು 700 ಕಿಲೋಮೀಟರ್ ದೂರ ಟೆಲಿಫೋನ್ ತಂತಿಯಲ್ಲಿ ಚಿತ್ರ ಕಳಿಸಿದರು. 1928ರ ಫೆಬ್ರವರಿಯಲ್ಲಿ ರೇಡಿಯೋ ಮೂಲಕ ಅಟ್ಲಾಂಟಿಕ್ ಸಾಗರವನ್ನೇ ದಾಟಿಸಿ ಅಮೆರಿಕಕ್ಕೆ ಕಳಿಸಿದರು. ಅದೇ ಜುಲೈನಲ್ಲಿ ಬಿಲ್ಲೆಯ ತೂತುಗಳಿಗೆ ಕೆಂಪು, ಹಸಿರು, ನೀಲಿ ಶೋಧಕ ಹಾಕಿ ಬಣ್ಣದ ಟಿವಿಯನ್ನೂ ತೋರಿಸಿದರು.

1929ರ ಸೆಪ್ಟೆಂಬರ್ 30ರಂದು ಬಿಬಿಸಿಯ ಪ್ರಸಾರಕೇಂದ್ರದಿಂದ ಬೇರ್ಡ್ ಕಂಪನಿಯ ಪ್ರಯೋಗಾತ್ಮಕ ಪ್ರಸಾರ ಶುರುವಾಯಿತು. ಹಳೆಯ ಸಹಪಾಠಿ ರೀತ್‌ಗೆ ಇದರಲ್ಲಿ ಅಂಥ ಉತ್ಸಾಹವೇನೂ ಇರಲಿಲ್ಲ. ಆರಂಭದಲ್ಲಿ ಸಿಕ್ಕಿದ್ದು ಒಂದೇ ಪ್ರಸಾರ ಜಾಡು. ಹಾಗಾಗಿ ಸ್ವಲ್ಪ ಹೊತ್ತು ಚಿತ್ರ, ಆಮೇಲೆ ಸ್ವಲ್ಪ ಹೊತ್ತು ಧ್ವನಿ! ಎರಡೂ ಒಟ್ಟಿಗೆ ಬಂದದ್ದು 1930ರ ಮಾರ್ಚ್ ಕೊನೆಗೆ. ಚಿತ್ರ ಮತ್ತು ಧ್ವನಿ ಬೇರೆ ಬೇರೆ ಸಂಕೇತಗಳು ಎನ್ನುವುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಟಿವಿಯಲ್ಲಿ ಮಾತು ಕೇಳಿಸುತ್ತಾ ಚಿತ್ರ ಮಾತ್ರ ಮಾಯವಾಗಲು ಇದೂ ಒಂದು ಕಾರಣವಾಗಬಹುದು.

ಆಗ ಜನ ಕೊಂಡ ಪೆಟ್ಟಿಗೆಯ ಹೆಸರು ಟೆಲಿವೈಸರ್. ಅದರೊಳಗೆ ಇದ್ದದ್ದು ಮುಖ್ಯವಾಗಿ ಮೂರು ಭಾಗ: ಒಂದು ನಿಯಾನ್ ದೀಪ, 30 ತೂತುಗಳ ಒಂದು ಬಿಲ್ಲೆ, ಅದನ್ನು ತಿರುಗಿಸುವ ಒಂದು ಮೋಟಾರು. ರೇಡಿಯೋ ಸೆಟ್ಟು ಹಿಡಿದ ಸಂಕೇತಕ್ಕೆ ತಕ್ಕಂತೆ ನಿಯಾನ್ ದೀಪ ಮಿನುಗುತ್ತಿತ್ತು. ಬಿಲ್ಲೆ ಸೆಕೆಂಡಿಗೆ ಹನ್ನೆರಡೂವರೆ ಸುತ್ತು, ಅಂದರೆ ನಿಮಿಷಕ್ಕೆ 750 ಸುತ್ತು ತಿರುಗುತ್ತಾ ಆ ಬೆಳಕನ್ನು ಜಾಗಕ್ಕೆ ಸರಿಯಾಗಿ ಹಂಚುತ್ತಿತ್ತು. ಚಿತ್ರದ ಗಾತ್ರ ಹೆಚ್ಚೂಕಡಿಮೆ ಬೆಂಕಿಪೊಟ್ಟಣದಷ್ಟು, ಬಣ್ಣ ನಿಯಾನ್ ದೀಪದ ಕಿತ್ತಳೆಗೆಂಪು. ಅದನ್ನು ದೊಡ್ಡದಾಗಿ ತೋರಿಸಲು ಮುಂದೆ ಒಂದು ಮಸೂರ. ತಾಳ ತಪ್ಪಿ ಚಿತ್ರ ಜಾರತೊಡಗಿದರೆ ತಿರುಪು ಹಿಡಿದು ಸರಿಮಾಡಬೇಕಿತ್ತು. ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರ ಮೇಲಕ್ಕೆ ಉರುಳುತ್ತಿದ್ದದ್ದು ನೆನಪಿದೆಯೇ? ಅದೂ ತಾಳ ತಪ್ಪಿದ ಕಾಯಿಲೆಯೇ.

ಇಂಥ ಸುಮಾರು ಒಂದು ಸಾವಿರ ಪೆಟ್ಟಿಗೆಗಳು ಮಾರಾಟವಾದವು. 1930ರ ಜುಲೈನಲ್ಲಿ ಪಿರಾಂಡೆಲ್ಲೋ ಅವರ ಒಂದು ಪುಟ್ಟ ನಾಟಕ, 1931ರಲ್ಲಿ ಡರ್ಬಿ ಕುದುರೆ ರೇಸು ಪ್ರಸಾರವಾದವು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಪಿಯಾನೋ ವಾದಕಿ ಮಾರ್ಗರೆಟ್ ಆಲ್ಬು ಅವರ ಜೊತೆ ಬೇರ್ಡ್ ಮದುವೆಯೂ ಆಯಿತು. ಆ ಹೊತ್ತಿಗೆ ಅವರನ್ನು ಸೋಲಿಸಲಿರುವ ಯಂತ್ರ ಬೇರೆ ಕಡೆ ತಯಾರಾಗುತ್ತಿತ್ತು.

ತೂಕವಿಲ್ಲದ ಕುಂಚ

ಬೇರ್ಡ್ ಯಂತ್ರದ ತೊಂದರೆ ಲೆಕ್ಕದಲ್ಲೇ ಇದೆ. 30 ಗೆರೆ, ಸೆಕೆಂಡಿಗೆ ಹನ್ನೆರಡೂವರೆ ಚಿತ್ರ ಎಂದರೆ ಸೆಕೆಂಡಿಗೆ 375 ಗೆರೆ. ಚಿತ್ರ ಸ್ಪಷ್ಟವಾಗಬೇಕಾದರೆ ಗೆರೆಗಳು ಹೆಚ್ಚಬೇಕು. ಗೆರೆ ಹೆಚ್ಚಿದರೆ ತೂತುಗಳು ಹೆಚ್ಚು, ತೂತು ಚಿಕ್ಕದು, ಬೆಳಕು ಕಡಿಮೆ, ಬಿಲ್ಲೆ ದೊಡ್ಡದು, ವೇಗವೂ ಹೆಚ್ಚು. ಲೋಹದ ಬಿಲ್ಲೆಯನ್ನು ಎಷ್ಟು ವೇಗವಾಗಿ ತಿರುಗಿಸಲು ಸಾಧ್ಯ?

ಇದಕ್ಕೆ ಉತ್ತರ ತಿರುಗುವ ಯಾವ ಭಾಗವೂ ಇಲ್ಲದ ಒಂದು ಗಾಜಿನ ಬುರುಡೆಯಲ್ಲಿತ್ತು. 1897ರಲ್ಲಿ ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಬ್ರೌನ್ ರೂಪಿಸಿದ ಕ್ಯಾಥೋಡ್ ರೇ ಟ್ಯೂಬ್ ಅದು. ಗಾಳಿ ತೆಗೆದ ಬುರುಡೆಯ ಒಂದು ತುದಿಯಿಂದ ಎಲೆಕ್ಟ್ರಾನ್‌ಗಳ ಎಳೆ ಹೊರಟು ಇನ್ನೊಂದು ತುದಿಯ ಲೇಪನಕ್ಕೆ ತಾಕಿದರೆ ಅಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ. ಎಲೆಕ್ಟ್ರಾನ್‌ಗಳಿಗೆ ತೂಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ವಿದ್ಯುತ್ ಸುರುಳಿಗಳ ಕಾಂತಬಲದಿಂದ ಆ ಚುಕ್ಕಿಯನ್ನು ಕುಂಚದ ಹಾಗೆ ಪರದೆಯ ತುಂಬ ಎಷ್ಟು ವೇಗವಾಗಿ ಬೇಕಾದರೂ ಓಡಿಸಬಹುದು. ನಾವೆಲ್ಲ ಪಿಕ್ಚರ್ ಟ್ಯೂಬ್ ಎನ್ನುತ್ತಿದ್ದದ್ದು ಇದನ್ನೇ.

ಚಿತ್ರ ಹಿಡಿಯಲು, ಚಿತ್ರ ತೋರಿಸಲು ಎರಡಕ್ಕೂ ಇಂಥ ಟ್ಯೂಬ್ ಬಳಸಬಹುದೆಂದು ಬ್ರಿಟನ್ನಿನ ಕ್ಯಾಂಬೆಲ್ ಸ್ವಿಂಟನ್ 1908ರಲ್ಲೇ ಸೂಚಿಸಿದ್ದರು. 1926ರ ಡಿಸೆಂಬರ್‌ನಲ್ಲಿ ಜಪಾನಿನ ಕೆಂಜಿರೋ ತಕಯನಗಿ ಕಳಿಸುವ ಕಡೆ ನಿಪ್ಕೋ ಬಿಲ್ಲೆ, ನೋಡುವ ಕಡೆ ಟ್ಯೂಬ್ ಇಟ್ಟು ಜಪಾನಿ ಲಿಪಿಯ ಒಂದು ಅಕ್ಷರವನ್ನು ಮೂಡಿಸಿದರು. 1927ರ ಸೆಪ್ಟೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 21 ವರ್ಷದ ಫೈಲೋ ಫಾರ್ನ್ಸ್‌ವರ್ತ್ ಬಿಲ್ಲೆಯೇ ಇಲ್ಲದ ಕ್ಯಾಮೆರಾ ಟ್ಯೂಬಿನಿಂದ ಒಂದು ಗೆರೆಯ ಚಿತ್ರ ಕಳಿಸಿದರು. ರಷ್ಯಾದಿಂದ ಅಮೆರಿಕಕ್ಕೆ ಬಂದಿದ್ದ ವ್ಲಾಡಿಮಿರ್ ಜ್ವೊರಿಕಿನ್ ಇನ್ನೊಂದು ಬಗೆಯ ಕ್ಯಾಮೆರಾ ಟ್ಯೂಬ್ ಬೆಳೆಸಿದರು.

ಎರಡನೇ ಫಾರ್ವರ್ಡ್ ಹೇಳುವ ಫಾರ್ನ್ಸ್‌ವರ್ತ್ ಇವರೇ. ಪೂರ್ತಿ ಎಲೆಕ್ಟ್ರಾನಿಕ್ ಟಿವಿಯ ಮಟ್ಟಿಗೆ ಅವರ ಹೆಸರು ಹೇಳುವುದು ನ್ಯಾಯವೇ. ಆದರೆ ಅವರು ಆ ಗೆರೆ ಕಳಿಸುವ ಒಂದೂವರೆ ವರ್ಷ ಮೊದಲೇ ಬೇರ್ಡ್ ಜೀವಂತ ಮುಖ ತೋರಿಸಿದ್ದರು.

ಒಂದೇ ತಿಂಗಳಲ್ಲಿ ಎರಡು ಪೆಟ್ಟು

1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬಿಬಿಸಿಯ ನಿಯಮಿತ ಟಿವಿ ಸೇವೆ ಆರಂಭವಾಯಿತು. ಎರಡು ಪದ್ಧತಿಗಳು ವಾರಕ್ಕೊಂದರಂತೆ ಸರದಿಯಲ್ಲಿ ಪ್ರಸಾರ ಮಾಡಬೇಕು, ಉತ್ತಮವಾದದ್ದು ಉಳಿಯಬೇಕು ಎಂಬುದು ಒಪ್ಪಂದ. ಒಂದು ಬೇರ್ಡ್ ಕಂಪನಿಯ 240 ಗೆರೆಗಳ ಪದ್ಧತಿ. ಇನ್ನೊಂದು ಮಾರ್ಕೋನಿ-ಇಎಂಐ ಕಂಪನಿಯ 405 ಗೆರೆಗಳ ಪೂರ್ತಿ ಎಲೆಕ್ಟ್ರಾನಿಕ್ ಪದ್ಧತಿ. ಸೆಕೆಂಡಿಗೆ 25 ಚಿತ್ರದಂತೆ ಅದು ಓದುತ್ತಿದ್ದದ್ದು 10 ಸಾವಿರಕ್ಕೂ ಹೆಚ್ಚು ಗೆರೆ.

ಮೊದಲ ದಿನ ಯಾರು ಎಂದು ನಾಣ್ಯ ಚಿಮ್ಮಿದಾಗ ಬೇರ್ಡ್ ಕಡೆಗೆ ಗೆಲುವಾಯಿತು. ಗೆದ್ದದ್ದು ಅಷ್ಟೇ. ಬೇರ್ಡ್ ಕಂಪನಿಯ ಒಂದು ಕ್ಯಾಮೆರಾ ಮೊದಲು ಸಿನಿಮಾ ಫಿಲ್ಮಿನ ಮೇಲೆ ಚಿತ್ರ ತೆಗೆದು, ಅದನ್ನು ಅಲ್ಲೇ ರಾಸಾಯನಿಕದಲ್ಲಿ ತೊಳೆದು, ಸುಮಾರು ಒಂದು ನಿಮಿಷದ ನಂತರ ಸ್ಕ್ಯಾನ್ ಮಾಡುತ್ತಿತ್ತು. ಅದನ್ನು ಅಲುಗಾಡಿಸುವಂತೆಯೂ ಇರಲಿಲ್ಲ. ಎದುರಾಳಿಯ ಕ್ಯಾಮೆರಾವನ್ನು ತೋಟಕ್ಕೂ ಕೊಂಡೊಯ್ಯಬಹುದಿತ್ತು. ಬೇರ್ಡ್ ಕಂಪನಿ ಫಾರ್ನ್ಸ್‌ವರ್ತ್ ಅವರ ಕ್ಯಾಮೆರಾ ಟ್ಯೂಬನ್ನೂ ತರಿಸಿಕೊಂಡು ಪ್ರಯತ್ನಿಸಿತು. ಇಂದು ಫಾರ್ವರ್ಡ್‌ಗಳಲ್ಲಿ ಎದುರುಬದುರಾಗಿ ನಿಲ್ಲಿಸುವ ಈ ಇಬ್ಬರ ಯಂತ್ರಗಳು ಆಗ ಒಂದೇ ಸೂರಿನಡಿ ಇದ್ದವು.

ಅದೇ ನವೆಂಬರ್ 30ರ ರಾತ್ರಿ ಲಂಡನ್ನಿನ ಪ್ರಸಿದ್ಧ ಗಾಜಿನ ಕಟ್ಟಡ ಕ್ರಿಸ್ಟಲ್ ಪ್ಯಾಲೇಸ್‌ಗೆ ಬೆಂಕಿ ಬಿತ್ತು. ಅಲ್ಲಿದ್ದ ಬೇರ್ಡ್ ಕಂಪನಿಯ ಪ್ರಯೋಗಾಲಯಗಳ ಬಹುಭಾಗ ಸುಟ್ಟುಹೋಯಿತು. 1937ರ ಫೆಬ್ರವರಿಯ ಹೊತ್ತಿಗೆ ಬಿಬಿಸಿ ಬೇರ್ಡ್ ಪದ್ಧತಿಯನ್ನು ಪೂರ್ತಿ ಕೈಬಿಟ್ಟಿತು. 1939ರ ಸೆಪ್ಟೆಂಬರ್ 1ರಂದು ಎರಡನೇ ಮಹಾಯುದ್ಧದ ಕಾರಣ ಟಿವಿ ಪ್ರಸಾರವೇ ನಿಂತಿತು. ಕಂಪನಿಯೂ ಮುಚ್ಚಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬೇರ್ಡ್ ತಮ್ಮ ಮನೆಯ ಪ್ರಯೋಗಾಲಯದಲ್ಲಿ ಸ್ವಂತ ದುಡ್ಡಿನಿಂದ ಕೆಲಸ ಮುಂದುವರಿಸಿದರು. ಸೋತ ಬಿಲ್ಲೆಗೆ ಅಂಟಿಕೊಂಡು ಕೂರಲಿಲ್ಲ. ತಮ್ಮನ್ನು ಸೋಲಿಸಿದ ಎಲೆಕ್ಟ್ರಾನ್ ಟ್ಯೂಬನ್ನೇ ಕೈಗೆತ್ತಿಕೊಂಡರು. 1944ರ ಆಗಸ್ಟ್‌ನಲ್ಲಿ ಅವರು ಟೆಲಿಕ್ರೋಮ್ ಎಂಬ ಬಣ್ಣದ ಟ್ಯೂಬ್ ತೋರಿಸಿದರು. ಒಂದು ತೆಳು ಹಾಳೆಯ ಎರಡು ಬದಿಗೂ ಬೇರೆ ಬೇರೆ ಬಣ್ಣದ ಲೇಪನ, ಒಂದೊಂದು ಬದಿಗೆ ಒಂದೊಂದು ಎಲೆಕ್ಟ್ರಾನ್ ಎಳೆ. ತಿರುಗುವ ಭಾಗವೇ ಇಲ್ಲದ ಬಣ್ಣದ ಟಿವಿ ಟ್ಯೂಬನ್ನು ಮೊದಲು ಮಾಡಿ ತೋರಿಸಿದ್ದು ಹೀಗೆ, ತಿರುಗುವ ಬಿಲ್ಲೆಯ ಮನುಷ್ಯನೇ.

1946ರ ಜೂನ್ 7ರಂದು ಬಿಬಿಸಿ ಟಿವಿ ಮತ್ತೆ ಶುರುವಾಯಿತು, ಎದುರಾಳಿಯ ಪದ್ಧತಿಯಲ್ಲಿ. ಸರಿಯಾಗಿ ಒಂದು ವಾರಕ್ಕೆ, ಜೂನ್ 14ರಂದು, ಬೆಕ್ಸ್‌ಹಿಲ್ ಎಂಬ ಕಡಲತೀರದ ಊರಿನಲ್ಲಿ ಬೇರ್ಡ್ ತೀರಿಕೊಂಡರು. ವಯಸ್ಸು 57. ಅವರನ್ನು ಹುಟ್ಟೂರು ಹೆಲೆನ್ಸ್‌ಬರ್ಗ್‌ನಲ್ಲಿ ಮಣ್ಣು ಮಾಡಲಾಯಿತು.

ನಿಮ್ಮ ಗೋಡೆಯ ಮೇಲಿನ ಟಿವಿಯಲ್ಲಿ

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಭಾರತದ ಮೊದಲ ಟಿವಿ ಪ್ರಸಾರ ಶುರುವಾದಾಗಲೂ, 1975ರಲ್ಲಿ ಸೈಟ್ ಯೋಜನೆಯಡಿ ಉಪಗ್ರಹದ ಮೂಲಕ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಟಿವಿ ಬಂದಾಗಲೂ ಪೆಟ್ಟಿಗೆಯೊಳಗೆ ಇದ್ದದ್ದು ಪಿಕ್ಚರ್ ಟ್ಯೂಬ್. ಈಗ ಅದೂ ಹೋಗಿ ಗೋಡೆಗೆ ತೆಳ್ಳನೆಯ ಎಲ್‌ಇಡಿ ಟಿವಿ ಬಂದಿದೆ. ಆದರೆ ಕೆಲಸಗಳು ಅವೇ. ಬೇರ್ಡ್ ಯಂತ್ರದ ಪಕ್ಕದಲ್ಲಿಟ್ಟು ನೋಡಿ:

- ನಿಯಾನ್ ದೀಪದ ಜಾಗದಲ್ಲಿ ಬ್ಯಾಕ್‌ಲೈಟ್. ಪರದೆಯ ಹಿಂದಿರುವ ಪುಟ್ಟ ಎಲ್‌ಇಡಿಗಳ ಸಾಲು. ಧ್ವನಿ ಬರುತ್ತಿದೆ, ಪರದೆ ಕಪ್ಪಾಗಿದೆ ಅಂದರೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಚಿತ್ರ ಮಂದವಾಗಿ ಕಂಡರೆ ಕೆಟ್ಟಿರುವುದು ಬ್ಯಾಕ್‌ಲೈಟ್ ಅಥವಾ ಅದಕ್ಕೆ ವಿದ್ಯುತ್ ಕೊಡುವ ಭಾಗ.
- ತೂತಿನ ಬಿಲ್ಲೆಯ ಜಾಗದಲ್ಲಿ ಪ್ಯಾನೆಲ್. ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ಇದರ ಚುಕ್ಕಿಗಳು ನಿರ್ಧರಿಸುತ್ತವೆ. ಫುಲ್ ಎಚ್‌ಡಿ ಟಿವಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳು. ಟಿವಿಯ ಅತಿ ದುಬಾರಿ ಭಾಗ ಇದೇ.
- ತಾಳ ಹಿಡಿಯುವ ತಿರುಪಿನ ಜಾಗದಲ್ಲಿ ಟಿ-ಕಾನ್ ಬೋರ್ಡ್. ಯಾವ ಸಾಲಿನ ಚುಕ್ಕಿ ಯಾವ ಕ್ಷಣ ಬದಲಾಗಬೇಕೆಂದು ಹೇಳುತ್ತದೆ. ಪರದೆಯ ಮೇಲೆ ಉದ್ದುದ್ದ ಗೆರೆಗಳು ಬಂದರೆ ತೊಂದರೆ ಇದರಲ್ಲಿ, ಪ್ಯಾನೆಲ್‌ನಲ್ಲಿ ಅಥವಾ ಇವೆರಡರ ನಡುವಿನ ಜೋಡಣೆಯಲ್ಲಿರಬಹುದು.
- ರೇಡಿಯೋ ಸೆಟ್ಟಿನ ಜಾಗದಲ್ಲಿ ಟ್ಯೂನರ್ ಮತ್ತು ಮೇನ್ ಬೋರ್ಡ್. ಕೇಬಲ್, ಡಿಶ್ ಅಥವಾ ಇಂಟರ್‌ನೆಟ್‌ನಿಂದ ಬಂದ ಸಂಕೇತವನ್ನು ಬಿಡಿಸಿ ಚಿತ್ರವನ್ನು ಪ್ಯಾನೆಲ್‌ಗೆ, ಧ್ವನಿಯನ್ನು ಸ್ಪೀಕರ್‌ಗೆ ಕಳಿಸುತ್ತವೆ. ಮಳೆ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆದರೆ ಟಿವಿ ಕೆಟ್ಟಿಲ್ಲ, ಸಂಕೇತ ಸಾಲುತ್ತಿಲ್ಲ.
- ಇವೆಲ್ಲಕ್ಕೂ ಬೇಕಾದ ವಿದ್ಯುತ್ ಕೊಡುವುದು ಪವರ್ ಸಪ್ಲೈ ಬೋರ್ಡ್. ಮುಂದಿನ ಪುಟ್ಟ ಕೆಂಪು ದೀಪವೂ ಉರಿಯದಿದ್ದರೆ ಪ್ಲಗ್ ನೋಡಿ, ನಂತರ ಅನುಮಾನ ಬರಬೇಕಾದದ್ದು ಇದರ ಮೇಲೆ.

ಒಂದು ಎಚ್ಚರಿಕೆ: ಪರೀಕ್ಷೆ ಏನಿದ್ದರೂ ಹೊರಗಿನಿಂದ ಮಾತ್ರ. ಪ್ಲಗ್ ತೆಗೆದ ಮೇಲೂ ಟಿವಿಯೊಳಗೆ, ಅದರಲ್ಲೂ ಹಳೆಯ ಪಿಕ್ಚರ್ ಟ್ಯೂಬಿನಲ್ಲಿ, ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಬೇರ್ಡ್ ಬದುಕಿ ಉಳಿದದ್ದು ಅದೃಷ್ಟ. ಹಿಂದಿನ ಮುಚ್ಚಳ ತೆಗೆಯುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ಹಾಗಾದರೆ ಯಾವುದನ್ನು ಫಾರ್ವರ್ಡ್ ಮಾಡಬೇಕು?

ನಿಮ್ಮ ಟಿವಿ ಬಿಚ್ಚಿದರೆ ಬೇರ್ಡ್ ಅವರ ಬಿಲ್ಲೆ, ಮೋಟಾರು, ನಿಯಾನ್ ದೀಪ ಯಾವುದೂ ಸಿಗುವುದಿಲ್ಲ. ಫಾರ್ನ್ಸ್‌ವರ್ತ್ ಅವರ ಟ್ಯೂಬೂ ಸಿಗುವುದಿಲ್ಲ. ಕಂಡುಹಿಡಿದವರು ಎಂದರೆ ಇಂದಿನ ಟಿವಿಯ ಭಾಗಗಳನ್ನು ಮಾಡಿದವರು ಎಂದಾದರೆ ಆ ಹೆಸರು ಇವರಿಬ್ಬರಲ್ಲಿ ಯಾರಿಗೂ ಸಲ್ಲುವುದಿಲ್ಲ. ಆದರೆ ದೂರದಲ್ಲಿರುವ ಮನುಷ್ಯನ ಚಲಿಸುವ ಮುಖವನ್ನು ಅದೇ ಕ್ಷಣ ಇಲ್ಲಿ ನೋಡಲು ಸಾಧ್ಯ ಎಂದು ಮೊದಲು ಮಾಡಿ ತೋರಿಸಿದವರು ಯಾರು ಎಂದರೆ, ಅದು ಬೇರ್ಡ್.

ನಿಪ್ಕೋ ಉಪಾಯ ಕೊಟ್ಟರು, ಬೇರ್ಡ್ ಅದಕ್ಕೆ ಜೀವ ಕೊಟ್ಟರು, ಬ್ರೌನ್ ಅವರ ಟ್ಯೂಬಿನಿಂದ ಫಾರ್ನ್ಸ್‌ವರ್ತ್, ಜ್ವೊರಿಕಿನ್, ತಕಯನಗಿ ಅದನ್ನು ಮುಂದಕ್ಕೆ ಒಯ್ದರು. ಸಂಬಂಧಿಕರೊಬ್ಬರು ವಿದೇಶದಿಂದ ವೀಡಿಯೋ ಕಾಲ್ ಮಾಡಿದಾಗ ನಿಮ್ಮ ಫೋನಿನ ಪರದೆಯಲ್ಲಿ ಅವರ ಮುಖ ಮೂಡುವುದೂ ಇದೇ ಐದು ಕೆಲಸಗಳಿಂದ. ಆ ಪರದೆಯ ಮೇಲೆ ಒಂದು ಸಣ್ಣ ಹನಿ ನೀರು ಹಾಕಿ ಬಿಳಿ ಭಾಗವನ್ನು ನೋಡಿ. ಹನಿ ಮಸೂರದಂತೆ ಕೆಲಸ ಮಾಡಿ ಕೆಂಪು, ಹಸಿರು, ನೀಲಿ ಚುಕ್ಕಿಗಳನ್ನು ತೋರಿಸುತ್ತದೆ. 1928ರಲ್ಲಿ ಬೇರ್ಡ್ ತಮ್ಮ ಬಿಲ್ಲೆಯ ತೂತುಗಳಿಗೆ ಹಾಕಿದ್ದೂ ಈ ಮೂರೇ ಬಣ್ಣಗಳನ್ನು.

ಮುಂದಿನ ನವೆಂಬರ್ 21ಕ್ಕೆ ಆ ಒಂದು ಸಾಲಿನ ಫಾರ್ವರ್ಡ್ ಬಂದರೆ ಸುಳ್ಳು ಎಂದು ಅಳಿಸಬೇಡಿ, ಪೂರ್ತಿ ನಿಜ ಎಂದು ಹಾಗೆಯೇ ಮುಂದಕ್ಕೂ ಕಳಿಸಬೇಡಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಟಿವಿ ಸಾಧ್ಯ ಎಂದು ತೋರಿಸಿದವರು ಬೇರ್ಡ್, ನಮ್ಮ ಮನೆಯ ತನಕ ತಂದವರು ಬಹಳ ಮಂದಿ.